ಮುತ್ತಜ್ಜ ತಪ್ಪಿದ ಹನ್ನೊಂದು ಸುತ್ತು

ಪ್ರೀತಿಯ ಬಾಯಿ,

ನಮ್ಮ ಶಿರ್ವದ ಮನೆಗಳಲ್ಲಿ ದೊಡ್ಡಕ್ಕನನ್ನು ಹಾಗೆಯೇ ಕರೆಯುವುದು. ಸ್ವೀಡನ್ನಿನ ಬೇರು, ಅಮೆರಿಕದ ಹುಟ್ಟು, ಬಹ್ರೇನಿನ ಬಿಸಿಲು ಇರುವ ಎಲ್ಸಾ ಈ ಗ್ರೆಗರಿಗೆ ಹೇಗೆ ಅಕ್ಕನಾದಳು ಎಂದು ಅಲ್ಲಿ ಯಾರಾದರೂ ವಿಚಾರಿಸಿದರೆ ಹೀಗೆ ಹೇಳಿ: ಆಸ್ಪತ್ರೆಯಲ್ಲಿ ಅವನ ಹೆಂಡತಿ ಸಬೀನಾಳಿಗೆ ಹೆಡ್ ಸಿಸ್ಟರ್ ಆಗಿದ್ದೆ, ಕ್ರಮೇಣ ಅವನಿಗೂ ಸಿಸ್ಟರ್ ಆದೆ. ಬದುಕಿದ್ದಾಗ ನಿಮಗೆ ಬರುತ್ತಿದ್ದ ಕನ್ನಡ 'ಊಟ ಆಯ್ತಾ' ಒಂದೇ. ಆದರೆ ಸತ್ತವರಿಗೆ ಎಲ್ಲ ಭಾಷೆಯೂ ಬರುತ್ತದಂತೆ. ಬರದಿದ್ದರೂ ತೊಂದರೆಯಿಲ್ಲ, ಅಲ್ಲಿ ನಮ್ಮೂರಿನವರು ಬೇಕಾದಷ್ಟು ಜನ ಇದ್ದಾರೆ, ಓದಿಸಿಕೊಳ್ಳಿ.

ನೆನಪಿದೆಯೇ, ಬಹ್ರೇನಿನ ಸಲ್ಮಾಬಾದಿನಲ್ಲಿರುವ ನನ್ನ ಪ್ರೆಸ್ಸಿಗೆ ನೀವು ಕಡತ ಹಿಡಿದುಕೊಂಡು ಬಂದ ದಿನ? ಮೆಷಿನ್ನಿನಿಂದ ಅದ್ಲಿಯಾದ ಯಾವುದೋ ಹೋಟೆಲಿನ ಮೆನು ಉದುರುತ್ತಿತ್ತು. ಅದರ ಮೇಲೆಯೇ ಕಡತವನ್ನು ಕುಕ್ಕಿದಿರಿ. ನಿಮ್ಮ ಇಂಗ್ಲಿಷು ನನ್ನ ಕಿವಿಗೆ ಯಾವಾಗಲೂ ನಮ್ಮೂರ ಕನ್ನಡವಾಗಿಯೇ ಬೀಳುತ್ತಿತ್ತು, ಹಾಗೆಯೇ ಬರೆಯುತ್ತೇನೆ. "ನಮ್ಮ ಕುಟುಂಬದ ಚರಿತ್ರೆ ಇದು. ನಲವತ್ತು ಪ್ರತಿ ಆಗ್ಬೇಕು. ಒಂದಕ್ಷರ ತೆಗೆದ್ರೆ ನೋಡು ಗ್ರೆಗರಿ, ದಪ್ಪ ಸೂಜಿ ಉಂಟು ನನ್ನ ಹತ್ರ." ಒಂಬತ್ತನೇ ಪುಟ ಓದಿ ನಾನು ನಕ್ಕ ನಗೆಗೆ ಮೆಷಿನ್ ನಡೆಸುವವನು ಓಡಿ ಬಂದಿದ್ದ.

ಆ ಪುಟದಲ್ಲಿ ಇದ್ದದ್ದಾದರೂ ಏನು? ನಿಮ್ಮ ಮುತ್ತಜ್ಜ ನಿಲ್ಸ್, ಮುತ್ತಜ್ಜಿ ಅನ್ನಾ ಸ್ವೀಡನ್ನಿನಿಂದ ಹಡಗು ಹತ್ತಿ ನೆಬ್ರಾಸ್ಕಾದ ಹುಲ್ಲುಬಯಲಿಗೆ ಬಂದಾಗ ಇನ್ನೂ ಮದುವೆಯಾಗಿರಲಿಲ್ಲ. ಆಗಲು ಅವಸರವೂ ಇರಲಿಲ್ಲ. ಮನೆ ಕಟ್ಟಿ ಐದು ವರ್ಷ ಅಲ್ಲೇ ವಾಸವಿದ್ದು ನೆಲ ಉತ್ತರೆ, ಸರಕಾರ ನೂರರವತ್ತು ಎಕರೆ ಪುಕ್ಕಟೆ ಕೊಡುತ್ತಿತ್ತು. ಗಂಡಹೆಂಡತಿಗೆ ಸೇರಿ ಒಂದು ಪಾಲು. ಮದುವೆಯಾಗದ ಹೆಂಗಸಿಗೆ ಅವಳದೇ ಬೇರೆ ಪಾಲು! ಅನ್ನಾ ಉಂಗುರವನ್ನು ಪೆಟ್ಟಿಗೆಯಲ್ಲಿಟ್ಟು ಅರ್ಜಿ ಹಾಕಿದಳು. ಪಕ್ಕದ ಜಾಗಕ್ಕೆ ನಿಲ್ಸ್ ಹಾಕಿದ. ಇಬ್ಬರ ಗಡಿಗೆರೆಯ ಮೇಲೆಯೇ, ಹುಲ್ಲು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳಿಂದ ಒಂದೇ ಮನೆ ಕಟ್ಟಿದರು. ನೆಲದ ಮೇಲೆ ಸುಣ್ಣದ ಗೆರೆ. ಆಚೆ ಅವನ ಮಂಚ, ಈಚೆ ಅವಳದು. ಕಾನೂನಿಗೂ ಸರಿ, ಪಾದ್ರಿಗೂ ಸರಿ.

ಇಲ್ಲಿಯ ತನಕ ಓದಿ ನಾನು ಏನು ಹೇಳಿದೆ, ನೆನಪು ಮಾಡಿಕೊಳ್ಳಿ. "ಬಾಯಿ, ಇದು ನಮ್ಮದೇ ಕಥೆ ಅಲ್ವಾ! ಫ್ಯಾಮಿಲಿ ವೀಸಾ ಇಲ್ಲದೆ ಸಬೀನಾ ನರ್ಸುಗಳ ಹಾಸ್ಟೆಲಿನಲ್ಲಿ, ನಾನು ಲೇಬರ್ ಕ್ಯಾಂಪಿನಲ್ಲಿ. ನಮ್ಮ ನಡುವೆ ಗೆರೆಯಲ್ಲ, ಇಡೀ ಹೈವೇ ಇತ್ತು." ನೀವು ಕನ್ನಡಕದ ಮೇಲಿನಿಂದ ನೋಡಿ, "ಮುಂದೆ ಓದು ಮಾರಾಯ. ನಿಜವಾದ ನಿನ್ನ ಕಥೆ ಅಲ್ಲುಂಟು" ಎಂದಿರಿ. ಆಗ ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗದವನ ಹಾಗೆ...

ಮುಂದಿನದು ಗಾಡಿಚಕ್ರದ ಮಹಾಪ್ರಮಾದ. ಗಡಿ ಅಳೆಯಲು ಆ ಬಯಲಿನಲ್ಲಿ ಸರಪಳಿ ಎಲ್ಲಿಂದ ಬರಬೇಕು? ಚಕ್ರಕ್ಕೆ ಬಟ್ಟೆಚೂರು ಕಟ್ಟುವುದು, ಗಾಡಿ ಹೊಡೆಯುವುದು, ಬಟ್ಟೆ ಎಷ್ಟು ಸಲ ಮೇಲೆ ಬಂತೆಂದು ಎಣಿಸುವುದು. ಎಣಿಸುವ ಕೆಲಸ ನಿಲ್ಸನದು. ಪಕ್ಕದಲ್ಲಿ ಕುಳಿತವಳು ಅನ್ನಾ. ಪ್ರಾಯದ ಹುಡುಗ ಚಕ್ರ ನೋಡುತ್ತಾನೆಯೇ? ನಾಲ್ಕನೇ ವರ್ಷ ಸರ್ವೆಯವನು ಸರಪಳಿ ಎಳೆದು ನೋಡಿದರೆ ಹನ್ನೊಂದು ಸುತ್ತು ತಪ್ಪು. ಎರಡು ಮಂಚ, ಒಲೆ, ಸುಣ್ಣದ ಗೆರೆ, ಸಮಸ್ತವೂ ಅನ್ನಾಳ ಜಾಗದಲ್ಲಿ! ಸ್ವಂತ ಜಾಗದಲ್ಲಿ ಒಂದು ರಾತ್ರಿಯೂ ಮಲಗದ ನಿಲ್ಸನ ಅರ್ಜಿ ವಜಾ.

ಅನ್ನಾ ಸ್ವೀಡನ್ನಿನ ತಂಗಿಗೆ ಬರೆದ ಕಾಗದವನ್ನು ಓದುವಾಗ ನಿಮ್ಮ ದನಿಯೇ ಬದಲಾಗುತ್ತಿತ್ತು. ಅದೇ ಸಂಜೆ ನಿಲ್ಸ್, "ಇನ್ನು ಮದುವೆ ಆಗಿಬಿಡುವ" ಎಂದನಂತೆ. ಅನ್ನಾ ಅಂದದ್ದು: "ನನ್ನ ಹೆಸರಿನ ಪಟ್ಟಾ ಬರ್ಲಿ, ಇನ್ನೊಂದು ವರ್ಷ ತಾಳು. ಮತ್ತೆ ಇಷ್ಟು ದಿನ ನೀನು ನಿನ್ನ ಮನೆಯಲ್ಲಿದ್ದೆ. ಈಗ ನನ್ನ ಮನೆಯಲ್ಲಿದ್ದೀ ಅಂತಾಯ್ತು. ನಾಲ್ಕು ಜನ ಎಂತ ಹೇಳ್ತಾರೆ? ಕೊಟ್ಟಿಗೆಗೆ ನಡೆ." ಮಹಾಪುರುಷ ಒಂದು ವರ್ಷ ಹಸುಗಳ ಜೊತೆ ಮಲಗಿದ. ಆಮೇಲೆ ಮನೆಯಳಿಯನಾಗಿ ಒಳಗೆ ಬಂದ.

ನೀವು ಹೋದ ಮೂರನೇ ವಾರ ನಿಮ್ಮ ಅಣ್ಣನ ಮಗನ ಮೇಲ್ ಬಂತು. ಕುಟುಂಬದ ಸಮಾವೇಶಕ್ಕೆ ಪುಸ್ತಕ ಬೇಕಂತೆ, ಒಂಬತ್ತನೇ ಪುಟ ಬೇಡವಂತೆ. ಮುತ್ತಜ್ಜ ಕೊಟ್ಟಿಗೆಯಲ್ಲಿ ಮಲಗಿದ್ದು ಮಕ್ಕಳ ಕಣ್ಣಿಗೆ ಬೀಳಬಾರದಂತೆ. ಅದರ ಬದಲಿಗೆ ಹಾಕಲು ಅವರೇ ಒಂದು ವಾಕ್ಯ ಕಳಿಸಿದ್ದರು: 'ಮೂಲಪುರುಷ ನಿಲ್ಸ್ ಭೂಮಿಯನ್ನು ಪಡೆದನು, ಪತ್ನಿ ಅನ್ನಾ ಜೊತೆಗಿದ್ದಳು.' ಜೊತೆಗಿದ್ದಳಂತೆ! ಅಡುಗೆಮನೆಯ ಬೆಕ್ಕೂ ಜೊತೆಗಿತ್ತು. ನಾನು ಕೆರಳಿ, ಸಂಪಾದಕೀಯದ ಗಾತ್ರದ ಉತ್ತರ ಟೈಪು ಮಾಡಿದೆ. ಹಿಂದಿನಿಂದ ಸಬೀನಾ ಓದುತ್ತಿದ್ದಳು.

"ಚೆಂದ ಉಂಟು. ಕಳಿಸುವ ಮೊದಲು ಶಿರ್ವದ ನಮ್ಮ ಗೇಟು ಒಮ್ಮೆ ನೆನಪು ಮಾಡಿಕೊಳ್ಳಿ."

"ಗೇಟಿಗೆ ಎಂತ ಆಗಿದೆ?"

"ಎಂತ ಆಗಿಲ್ಲ. 'ಗ್ರೆಗರಿ ವಿಲ್ಲಾ' ಅಂತ ಗ್ರಾನೈಟಿನಲ್ಲಿ ಕೆತ್ತಿದ್ದು ಹಾಗೇ ಉಂಟು."

ಬಾಯಿ, ಆ ಮನೆಯ ಫೋಟೋ ತೋರಿಸಿದ ದಿನ ನೀವೂ ಬೋರ್ಡಿನ ಮೇಲೆ ಬೆರಳಿಟ್ಟು, "ಸಬೀನಾ ಎಲ್ಲಿ?" ಎಂದು ಕೇಳಿದ್ದಿರಿ. "ಫೋಟೋ ತೆಗೆದದ್ದೇ ಅವಳು" ಎಂದು ಜಾರಿಕೊಂಡಿದ್ದೆ. ಜಾಗ ತೆಗೆದದ್ದು, ಕಲ್ಲು ಕಟ್ಟಿದ್ದು, ಹಂಚು ಹೊದೆಸಿದ್ದು ಅವಳ ಇಪ್ಪತ್ತೆರಡು ವರ್ಷದ ನೈಟ್ ಡ್ಯೂಟಿ. ನನ್ನ ಪ್ರೆಸ್ಸು ಆ ಮನೆಗೆ ಕೊಟ್ಟ ಕೊಡುಗೆಯೆಂದರೆ ಗೃಹಪ್ರವೇಶದ ಆಮಂತ್ರಣ ಪತ್ರಿಕೆ. ಅದರಲ್ಲೂ ನನ್ನ ಹೆಸರು ದೊಡ್ಡದಾಗಿ... ನಿಮ್ಮ ಅಣ್ಣನ ಮಗನಿಗೆ ಬೈಯಲು ನನಗೆ ಯಾವ ಹಕ್ಕಿತ್ತು? ಕಾಗದದಲ್ಲಿ ನಾನೂ ಮೂಲಪುರುಷ. ಮಲಗುವುದು ಮಾತ್ರ ಅವಳ ಜಾಗದಲ್ಲಿ.

ಆ ಉದ್ದದ ಉತ್ತರ ಅಳಿಸಿದೆ. ಎರಡೇ ಸಾಲು ಕಳಿಸಿದೆ: 'ಒಂಬತ್ತನೇ ಪುಟ ಇರುತ್ತದೆ. ಬರೆದವರು ತೆಗೆಯಬಾರದೆಂದಿದ್ದಾರೆ.' ಹಾಗಾದರೆ ತಾವು ಹಂಚುವುದಿಲ್ಲ ಎಂದರು. ಬೇಡ, ಯಾರು ಬೇಡಿದ್ದು? ನಲವತ್ತು ವಿಳಾಸ ನಿಮ್ಮ ಕೈಬರಹದಲ್ಲೇ ಕಡತದ ಕೊನೆಯಲ್ಲಿತ್ತು. ಅವರು ಹೀಗೆ ಹೇಳುತ್ತಾರೆಂದು ನಿಮಗೆ ಮೊದಲೇ ಗೊತ್ತಿತ್ತು, ಅಲ್ಲವೇ ಕಳ್ಳಿ? ನಾನು, ಸಬೀನಾ ಕೂತು ನಲವತ್ತು ಕವರಿಗೆ ಅಂಟು ಹಚ್ಚಿದೆವು. ಒಂಬತ್ತನೇ ಪುಟವನ್ನು ಮಾತ್ರ ಸ್ವಲ್ಪ ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿದ್ದೇನೆ, ಹರಿಯಲು ಕಷ್ಟವಾಗಲಿ ಎಂದು. ಮೊದಲನೆಯ ಕವರು ಹೋದದ್ದು ನಿಮ್ಮ ಅಣ್ಣನ ಮಗನಿಗೇ. ಖಲಾಸ್.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಕಳೆದ ತಿಂಗಳು ಊರಿಗೆ ಹೋಗಿದ್ದೆವು. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನಲ್ಲಿ ಅರ್ಧ ದಿನ ಕೂತು, ಮನೆ, ಜಾಗ, ಬಾವಿ, ಎರಡು ಗೇರುಮರ, ಎಲ್ಲವನ್ನೂ ಸಬೀನಾಳ ಹೆಸರಿಗೆ ದಾನಪತ್ರ ಮಾಡಿ ಬಂದೆ. ಅವಳದೇ ವಸ್ತುವನ್ನು ಅವಳಿಗೆ 'ದಾನ' ಮಾಡಿದ ಧರ್ಮಾತ್ಮ ನಾನು! ಗ್ರಾನೈಟು ಕಲ್ಲು ಈಗ ಬಚ್ಚಲಿನ ಹೊರಗೆ ಬಟ್ಟೆ ಒಗೆಯಲು ಬಿದ್ದಿದೆ, ನನ್ನ ಹೆಸರಿನ ಮೇಲೆ ದಿನಾ ಸೋಪು. ಸುದ್ದಿ ತಿಳಿದ ನನ್ನ ಅಣ್ಣ ಓಡಿ ಬಂದ.

"ಎಂತ ಗ್ರೆಗರಿ, ತಲೆ ಸರಿ ಉಂಟಾ? ನಾಳೆ ಅವಳು ಹೊರಗೆ ಹಾಕಿದ್ರೆ ಎಲ್ಲಿ ಮಲಗ್ತೀ?"

"ಅದೇ ಯೋಚನೆ ಅಣ್ಣ," ಎಂದೆ. "ಈಗಲೇ ಒಂದು ಕೊಟ್ಟಿಗೆ ಕಟ್ಟಿಸಿಡುವ ಅಂತ."

ಸಬೀನಾ ಒಳಗಿನಿಂದಲೇ ಕೂಗಿದಳು: "ಕಟ್ಟುವ ಮೊದಲು ನನ್ನನ್ನು ಕೇಳ್ಬೇಕು ಆಯ್ತಾ. ಜಾಗ ನನ್ನದು."

ಇತಿ, ಒಂದು ವರ್ಷದ ಕೊಟ್ಟಿಗೆವಾಸಕ್ಕೂ ಸಿದ್ಧನಿರುವ,
ಸಬೀನಾಳ ಮನೆಯ ಗ್ರೆಗರಿ