ಬೇವಿನ ಗಿಡದ ಕೆಳಗೆ ನಿಲ್ಲುವ ಎತ್ತು

ಪ್ರೀತಿಯ ಕಾಕಾ,

ನೀನು ತೀರಿಹೋಗಿ ಐದು ವರ್ಷವಾದ ಮೇಲೆ ನಿನಗೊಂದು ಸುದ್ದಿ ಹೇಳಬೇಕಾಗಿದೆ. ಅದಕ್ಕೂ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು.

ಜತ್ತ ಸಂಸ್ಥಾನ ಹೋಗಿ ಮಾಲಿನ ಮೇಲೆ ಸುಂಕ ವಸೂಲು ಮಾಡುವ ಜಕಾತಿ ನಾಕೆ ತೆಗೆದುಹಾಕಿದ ಮೇಲೂ, ಬಾಲಗಾಂವ ದಾಟಿದೊಡನೆ ನಿನ್ನ ಗಾಡಿಯ ಎತ್ತು ನಾಕೆಯಿದ್ದ ಆ ಬೇವಿನ ಗಿಡದ ಕೆಳಗೆ ತಾನಾಗಿಯೇ ನಿಲ್ಲುತ್ತಿದ್ದದ್ದು ನೆನಪಿದೆಯೇ? ಉಣ್ಣೆಯ ಗಂಟು ಬಿಚ್ಚಿಸಿ ನೋಡಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ಊರೆಲ್ಲ ಪೀಡೆ ತೊಲಗಿತು ಎಂದು ಖುಷಿಪಟ್ಟರೆ ನೀನೊಬ್ಬ, "ಜಕಾತಿ ಹೋತು, ಚಲೋ ಆತು. ಆದ್ರ ಆ ರೊಕ್ಕದಾಗ ಆಗ್ತಿದ್ದ ಸಾಲಿ ಮಾಸ್ತರ ಪಗಾರ ಇನ್ನ ಯಾರ್ ಕೊಡ್ತಾರ?" ಎನ್ನುತ್ತಿದ್ದೆ.

ರೂಪಾಯಿಯ ಬೆಲೆ ಇಳಿಸಿದ ಸುದ್ದಿಯನ್ನು ಮರಾಠಿ ಪೇಪರಿನಿಂದ ನಿನಗೆ ಓದಿ ಹೇಳಿದವಳು ನಾನೇ. ನೀನು ಅಂಗೈಯಲ್ಲಿ ರೂಪಾಯಿಯೊಂದನ್ನು ತಿರುವಿ ತಿರುವಿ ನೋಡಿದೆ. "ಮುಂಜಾನಿ ಇದ್ದಂಗ ಐತಲ್ಲ ನೀಲಾ. ಇಳದದ್ದೇನು?" ಹೊರದೇಶದ ಸಾಮಾನು ನಮಗೆ ತುಟ್ಟಿ, ನಮ್ಮದು ಅವರಿಗೆ ಅಗ್ಗ ಎಂದು ಗೊತ್ತಿದ್ದಷ್ಟು ಹೇಳಿದೆ. ನೀನು ಬಿಡುವವನೇ? "ಹಂಗಾರ ಹಡಗದಾಗ ಹೋಗೂ ಉಣ್ಣಿಗೆ ಗಿರಾಕಿ ಭಾಳ ಆಗ್ತಾರ. ಲಾಭ ಎಲ್ಲಾ ಮುಂಬೈ ಶೇಟಜಿಗೆ, ಕುರಿ ಕಾಯಾವಗ ಏನು? ಹೊರಗ ಹೋಗೂ ಮಾಲಿನ ಮ್ಯಾಲ ಸರ್ಕಾರ ಒಂದು ಜಕಾತಿ ಹಾಕಿ ಆ ರೊಕ್ಕ ಅವಗ ಮುಟ್ಟಸಬೇಕಲ್ಲ?"

ನಿನ್ನ ಉಣ್ಣೆಯ ಅಂಗಡಿ ತುಂಬ ಜನರಿದ್ದರು. ಅವರೆದುರಿಗೇ ನಾನು ನಕ್ಕುಬಿಟ್ಟೆ. "ಕಾಕಾ, ನಿನ್ನ ಎತ್ತಿನಂಗ ನೀನೂ ಇನ್ನ ನಾಕೇದಾಗ ನಿಂತಿ!" ಎಲ್ಲರೂ ನಕ್ಕರು. ಮರುದಿನದಿಂದ ನೀನು ಪೇಪರನ್ನು ನನ್ನ ಕೈಗೆ ಕೊಡಲಿಲ್ಲ. ನನಗೂ ಹಟ. ಇಂದು ಮಾತಾಡಿಸೋಣ, ನಾಳೆ ಮಾತಾಡಿಸೋಣ ಎನ್ನುವಷ್ಟರಲ್ಲಿ ನಿನಗೆ ಜ್ವರ ಬಂದು...

ಈಗ ಸುದ್ದಿ ಕೇಳು. ಸಾಂಗಲಿಯಲ್ಲಿ ಮಾಸ್ತರಿಕೆಯ ಟ್ರೇನಿಂಗಿಗೆ ಸೇರಿದ್ದೇನೆ. ಮೊನ್ನೆ ನಮ್ಮ ಗುರುಗಳು ಹೇಳಿದರು: ರೂಪಾಯಿ ಇಳಿಸಿದ ಮೇಲೆ ಸರ್ಕಾರ ಹೊರದೇಶಕ್ಕೆ ಹೋಗುವ ಸೆಣಬಿನ ಮಾಲಿನ ಮೇಲೆ ತೆರಿಗೆ ಏರಿಸಿತ್ತಂತೆ! ದಿಲ್ಲಿಯವರಿಗೆ ಹೊಳೆದದ್ದು ಉಣ್ಣೆಯ ಗಂಟಿಗೆ ಒರಗಿ ಕೂತ ನಿನಗೂ ಹೊಳೆದಿತ್ತು. ಅಂದು ನಕ್ಕದ್ದಕ್ಕೆ ನಾಚಿಕೆಯಾಯಿತು. ಆದರೂ ಎದ್ದು ನಿಂತು ಕೇಳಿದೆ, "ಗುರುಜಿ, ಆ ತೆರಿಗಿ ರೊಕ್ಕದಾಗ ಸೆಣಬು ಬೆಳದಾವಗ ಏನರ ಸಿಕ್ತೇನ್ರಿ?" ಅವರು ಪುಸ್ತಕದ ಹಾಳೆ ತಿರುವಿ, "ನೋಡಿ ಹೇಳ್ತೀನಿ ಕುಂದ್ರವಾ" ಎಂದರು. ಇನ್ನೂ ಹೇಳಿಲ್ಲ. ನಿನಗೇನು ಅನ್ನಿಸುತ್ತದೆ?

ರಜೆಗೆ ಬರುವಾಗ ಅಪ್ಪ ಗಾಡಿ ತಂದಿದ್ದ. ನಿನ್ನ ಎತ್ತಿಗೆ ವಯಸ್ಸಾಗಿದೆ. ಆದರೂ ಬೇವಿನ ಕೆಳಗೆ ನಿಂತೇಬಿಟ್ಟಿತು. ಅಪ್ಪ ಬಾರುಕೋಲು ಎತ್ತಿದ. ನಾನು ಅವನ ಕೈ ಹಿಡಿದೆ.

"ನಿಲ್ಲಲಿ ಬಿಡಪ್ಪಾ. ಕಾಕಾ ಇನ್ನೂ ಏನೋ ಕೇಳಾಕತ್ತಾನ."

ನಿನ್ನ ನೀಲಾ