ಪಾರ್ಲೆ ತಿರುವಿನ ಕೆಂಪು ಅರಿವೆ

ಸಯನ್, ಮುಂಬಯಿ
ರವಿವಾರ, ತಾ. ೧೭-೪-೧೯೫೫

ಚಿ. ಸೌ. ಚಂದ್ರವ್ವಗೆ ಗದಿಗೆಪ್ಪನ ಆಶೀರ್ವಾದ.

ನೀನು ತವರು ಬೈಲಹೊಂಗಲದಿಂದ ಬರೆದ ಕಾಗದ ಗುರುವಾರ ಮಧ್ಯಾಹ್ನದ ಟಪಾಲಿಗೆ ಬಂತು. ಮೂರು ಸಲ ಓದಿದೆ. ಬಸವ ಜಯಂತಿ ಮುಗಿಸಿಕೊಂಡು ಬರುತ್ತೇನೆ, ಸ್ಟೇಶನ್ನಿಗೆ ಬನ್ನಿ ಎಂದು ಬರೆದಿದ್ದೀ. ಎರಡು ತಿಂಗಳಿಂದ ನಾನು ಎದುರು ನೋಡುತ್ತಿದ್ದ ಸಾಲು ಅದು. ಅದರ ಕೆಳಗೆ ಇನ್ನೊಂದು ಸಾಲಿತ್ತು: ‘ಎಲ್ಲಾರೂ ನನ್ನ ತಮ್ಮನ್ನ ಬಿಟ್ಟು ಓಡಿದ್ರು, ನೀವೊಬ್ರು ನಿಂತ್ರಿ. ಅದಕ್ಕ ನಿಮ್ಮ ಮಾರಿ ನೋಡಾಕ ಮನಸ್ಸ ಬಂದೈತಿ.’ ಆ ಎರಡನೆಯ ಸಾಲಿಗಾಗಿ ಈ ಕಾಗದ ಬರೆಯುತ್ತಿದ್ದೇನೆ. ನೀನೊಬ್ಬಳೇ ಓದು. ಮಾವನವರ ಕೈಗೆ ಕೊಡಬೇಡ.

ಇಲ್ಲಿ ಎಲ್ಲ ಇದ್ದಂತೆಯೇ ಇದೆ. ಪಕ್ಕದ ಖೋಲಿಯ ರುದ್ರವ್ವ ಎರಡು ದಿನಕ್ಕೊಮ್ಮೆ ರೊಟ್ಟಿ ಕೊಟ್ಟು ಹೋಗುತ್ತಾಳೆ. ಚಾಳಿನ ನಲ್ಲಿಗೆ ಈಗ ನೀರು ಅರ್ಧ ತಾಸು ಮಾತ್ರ. ತಮ್ಮ ಈರಣ್ಣನ ನಟ್ಟು ಬಿಚ್ಚುವ ಪಾನಾ, ಹಳೆಯ ಪ್ಲಗ್ಗುಗಳು, ಎಣ್ಣೆಯ ಡಬ್ಬಿ ಗ್ಯಾಲರಿಯ ಮೂಲೆಯಲ್ಲಿ ಗೋಣಿಯ ಕೆಳಗೆ ಹಾಗೇ ಇವೆ. ನೀನು ಬಂದ ಮೇಲೆ ಏನು ಮಾಡಬೇಕೋ ಹೇಳು.

ಆ ದಿನ ತಿರುವಿನಲ್ಲಿ ನಾನು ಗಾಡಿಯ ಹ್ಯಾಂಡಲ್ಲಿಗೆ ಕಟ್ಟಿದ್ದ ಕೆಂಪು ಅರಿವೆಯನ್ನು ಕಳಿಸಲು ಕೇಳಿದ್ದೀ. ತಮ್ಮನ ಕಣ್ಣಿಗೆ ಬೀಳದೆ ಹೋದ ಅರಿವೆ ನಿನ್ನ ಹತ್ತಿರ ಇರಲಿ ಎಂಬುದು ನಿನ್ನ ಆಸೆ. ಹುಡುಕಿದೆ. ಸಿಗಲಿಲ್ಲ. ಟ್ರಂಕಿನಲ್ಲಿ ಇನ್ನೊಮ್ಮೆ ನೋಡುತ್ತೇನೆ.

ಈಗ ಆ ದಿನದ್ದನ್ನು ಕ್ರಮವಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಬರಲಿ. ಕ್ರಮ ತಪ್ಪಿದರೆ ನಾನು ಮತ್ತೆ ಏನನ್ನಾದರೂ ಬಿಟ್ಟುಬಿಡುತ್ತೇನೆ.

ಫೆಬ್ರವರಿ ಆರು, ರವಿವಾರ. ಜುಹು ವಿಮಾನದ ಬಯಲಿನಲ್ಲಿ ಮೋಟಾರು ರೇಸು. ಅದನ್ನು ನೋಡಲು ನಾಲ್ಕು ಫಟಫಟಿ ಗಾಡಿಗಳು ಒಟ್ಟಿಗೆ ಹೋಗುವುದೆಂದು ಶೇಖರ ಹದಿನೈದು ದಿನ ಮೊದಲೇ ಗೊತ್ತು ಮಾಡಿದ್ದ. ಉಡುಪಿಯಿಂದ ಬಂದು ಸಯನ್ನಿನಲ್ಲಿ ಹೋಟೆಲು ನಡೆಸುವ ಮನುಷ್ಯ, ಗಲ್ಲೆಯ ಮೇಲೆ ಕೂತೇ ಎಲ್ಲರಿಗೂ ಅಪ್ಪಣೆ ಕೊಡುವ ಅಭ್ಯಾಸ. ಅವನ ಜೊತೆ ಅವನೂರಿನವನೇ ಆದ ರೈಲ್ವೆ ಫಿಟರ್ ದೂಜ. ಮೂರನೆಯವನು ನಾನು. ನಾಲ್ಕನೆಯವನು ಈರಣ್ಣ. ಮಿಲಿಟರಿಯವರು ಹರಾಜು ಹಾಕಿದ ಎರಡು ಮುರುಕು ಗಾಡಿ ಸೇರಿಸಿ ಗ್ಯಾರೇಜಿನಲ್ಲಿ ತಾನೇ ಕಟ್ಟಿದ ಒಂದು ಗಾಡಿ ಅವನದು. ನೀನು ಅದಕ್ಕೆ ಫಟಫಟಿಯಲ್ಲ, ಕೆಮ್ಮಿನ ಮುದುಕ ಎನ್ನುತ್ತಿದ್ದೆ.

ನನಗೆ ಹೋಗುವ ಮನಸ್ಸಿರಲಿಲ್ಲ ಎಂಬುದು ನಿನಗೆ ಗೊತ್ತು. ವಾರಕ್ಕೊಂದು ರಜೆ, ಅದನ್ನು ಹೊಗೆ ಕುಡಿಯಲು ಕಳೆಯುವುದೇ ಎಂದೆ. ದೂಜ ನಕ್ಕು, ಗದಿಗೆಪ್ಪಣ್ಣನಿಗೆ ರೇಸು ಯಾಕೆ, ಒಂದು ಗಡಿಯಾರ ಎದುರಿಗೆ ಇಟ್ಟರೆ ಅದನ್ನೇ ಸಂಜೆವರೆಗೆ ನೋಡ್ತಾ ಕೂತಾರು ಎಂದ. ಮಿಲ್ಲಿನ ಗೇಟಿನಲ್ಲಿ ಟೈಮ್‌ಕೀಪರ್ ಆದವನಿಗೆ ಆ ಮಾತು ಹೊಸದಲ್ಲ. ಕೊನೆಗೆ ನೀನೇ ನನ್ನನ್ನು ಹೊರಡಿಸಿದೆ. ಈರಣ್ಣ ಮುಂಬಯಿಗೆ ಬಂದು ಎಂಟೇ ತಿಂಗಳು, ಲೋಕಲ್ ರೈಲು ಬಿಟ್ಟರೆ ಆ ಕಡೆಯ ದಾರಿ ಗೊತ್ತಿಲ್ಲ, ಹಿಂದೆಮುಂದೆ ನೀವಿರಿ ಎಂದೆ. ಮೂರು ವರ್ಷದವನಿದ್ದಾಗ ತಾಯಿ ಸತ್ತ ಮೇಲೆ ನೀನು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ನನ್ನ ಮೇಲೆ ನೀನು ಹೊರಿಸಿದ ಕೆಲಸ ಅದೊಂದೇ.

ನಮ್ಮ ನಾಲ್ವರದು ಒಂದು ನೇಮವಿತ್ತು. ಹಿಂದೊಮ್ಮೆ ಠಾಣೆ ಊರಿಗೆ ಹೋದಾಗಲೂ ಅದರಂತೆ ನಡೆದಿದ್ದೆವು. ಯಾವನಾದರೂ ಹಿಂದೆ ಬಿದ್ದರೆ ಅವನ ಮುಂದಿನವನು ಮೊದಲ ತಿರುವಿನಲ್ಲಿ ನಿಲ್ಲಬೇಕು, ಹ್ಯಾಂಡಲ್ಲಿಗೆ ಕೆಂಪು ಅರಿವೆ ಕಟ್ಟಬೇಕು, ಹಿಂದಿನವನು ಬಂದು ಮುಟ್ಟುವವರೆಗೆ ತಿರುವು ಬಿಡಬಾರದು. ಅರಿವೆ ಕಾಣದಿದ್ದರೆ ಹಿಂದಿನವನು ನೇರ ಹೋಗಬೇಕು. ಈ ಸಲ ಅದಕ್ಕಾಗಿ ನೀನು ನಿನ್ನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ನಾಲ್ಕು ತುಂಡು ಮಾಡಿದೆ. ಜೇಬಿನಲ್ಲಿ ಮುದ್ದೆಯಾಗಬಾರದೆಂದು ಒಂದೊಂದನ್ನೂ ಎಂಟು ಮಡಿಕೆ ಮಾಡಿ, ಎಳೆದರೆ ಬಿಚ್ಚುವ ಹಾಗೆ ಬಿಳಿ ದಾರದ ಒಂದೇ ಹೊಲಿಗೆಯ ಟಾಕು ಹಾಕಿದೆ. ಶನಿವಾರ ಸಂಜೆ ಹಂಚುತ್ತ, ನಾಕ ಮಂದಿ ಗಂಡಸರು ನನ್ನ ಸೆರಗ ಹಿಡಕೊಂಡ ಹೊಂಟಾರ ನೋಡ್ರಿ ಎಂದು ರುದ್ರವ್ವನ ಮುಂದೆ ನಗಾಡಿದೆ. ನೀನು ನಕ್ಕದ್ದು ನಾನು ಕಡೆಯದಾಗಿ ಕೇಳಿದ್ದು ಆಗ.

ಏಳು ನಲವತ್ತಕ್ಕೆ ಸಯನ್ ಬಿಟ್ಟೆವು. ಧಾರಾವಿ, ಮಾಹೀಮ, ಸಮುದ್ರದ ಖಾಡಿ ದಾಟಿ ಬಾಂದ್ರಾ. ಶೇಖರ ಮುಂದೆ, ದೂಜ ಅವನ ಹಿಂದೆ, ಆಮೇಲೆ ನಾನು, ಕಡೆಗೆ ಈರಣ್ಣ. ಅವನನ್ನು ಕಡೆಗೆ ಹಾಕಿದ್ದು ಶೇಖರನಲ್ಲ. ನಿಧಾನದ ಗಾಡಿ ಹಿಂದಿರಲಿ ಎಂದು ಈರಣ್ಣನೇ ಹೇಳಿದ. ಆಸ್ಪತ್ರೆಯ ವರಾಂಡದಲ್ಲಿ ಶೇಖರನಿಗೆ ನೀನು, ಕಡೀಕ ಹಾಕಿ ಕೊಂದಿ ನನ್ನ ತಮ್ಮನ್ನ ಎಂದಾಗ ನಾನು ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ಅವನು ತಲೆ ತಗ್ಗಿಸಿ ನಿಂತಿದ್ದ. ಮಾರನೆಯ ದಿನ ಚಾಳಿಗೆ ಬಂದು ಮೆಟ್ಟಿಲ ಮೇಲೆ ನಿಂತವನನ್ನು ನೀನು ಒಳಗೆ ಕರೆಯಲಿಲ್ಲ. ಆಗ ಅವನು ನನಗೆ, ನೀವಾದ್ರೂ ನಿಂತ್ರಲ್ಲ ಗದಿಗೆಪ್ಪಣ್ಣ, ನನಗೆ ಅಷ್ಟೇ ಸಮಾಧಾನ ಮಾರಾಯ್ರೆ ಎಂದ. ಅವನು ಗಾಡಿ ಮಾರಿಬಿಟ್ಟಿದ್ದಾನೆ. ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ. ನಾನು ಆ ಹೋಟೆಲಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಖಾರ್ ದಾಟುವಾಗ ಈರಣ್ಣನ ಗಾಡಿ ಕೆಮ್ಮಿ ನಿಂತಿತು. ಎಂಟು ಗಂಟೆ ಐದು ನಿಮಿಷ. ನಾನು ತಿರುಗಿ ನೋಡಿದೆ. ಅವನು ರಸ್ತೆಯ ಬದಿಗೆ ಕೂತು ಆಗಲೇ ಪ್ಲಗ್ಗು ಬಿಚ್ಚುತ್ತಿದ್ದ. ಮುಖದ ತುಂಬ ನಗು. ನಡೀರಿ ಮಾಮಾ, ಇದರ ಮೂಗ ಒರಸಿ ಬಂದಬಿಡ್ತೀನಿ, ತಿರುವಿನ್ಯಾಗ ಇರ್ರಿ ಎಂದು ಕೂಗಿದ. ಇರುತ್ತೇನೆ ಎಂದು ಕೈ ಎತ್ತಿ ತೋರಿಸಿ ಹೊರಟೆ. ಶೇಖರ, ದೂಜ ಅಷ್ಟರಲ್ಲಿ ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿದ್ದರು.

ವಿಲೆ ಪಾರ್ಲೆಯಲ್ಲಿ ಜುಹುವಿಗೆ ಎಡಕ್ಕೆ ತಿರುಗಬೇಕು. ನೇರ ಹೋದರೆ ಘೋಡಬಂದರ ರಸ್ತೆ, ಗೋರೆಗಾಂವ್. ನಾನು ತಿರುವು ಮುಟ್ಟಿದಾಗ ಎಂಟು ಹದಿನಾಲ್ಕು.

ಚಂದ್ರವ್ವಾ, ಈರಣ್ಣ ದಾಟಿ ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ ಎಂದು ನೀನು ತಿಳಿದಿದ್ದೀ. ಅದು ನಿಜವಲ್ಲ. ನಾನು ನಿಂತದ್ದು ಎಂಟು ನಿಮಿಷ. ಮೂಲೆಯಲ್ಲಿ ಒಬ್ಬ ಎಳನೀರಿನವನು ಕಾಯಿ ಕೆತ್ತುತ್ತಿದ್ದ. ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕ ಪೇಪರು ಓದುತ್ತಿದ್ದ. ಎರಡು ಬಸ್ಸು ಹೋದವು. ಬಯಲಿನ ಕಡೆಯಿಂದ ಗಾಡಿಗಳ ಸದ್ದು ಕೇಳುತ್ತಿತ್ತು. ಅಂಥ ಸದ್ದು ನಾನು ಕೇಳಿರಲಿಲ್ಲ. ಮಿಲ್ಲಿನ ಸದ್ದಿನಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೇನೆ, ಅದು ಒಂದೇ ಸಮ ಇರುತ್ತದೆ. ಇದು ಏರುತ್ತಿತ್ತು, ಇಳಿಯುತ್ತಿತ್ತು, ಯಾರೋ ನನ್ನನ್ನೇ ಕರೆದಂತೆ ಇತ್ತು. ಈರಣ್ಣ ಜಾಣ, ಯಾರನ್ನಾದರೂ ಕೇಳಿಕೊಂಡು ಬಂದಾನು ಎಂದುಕೊಂಡೆ. ಗೇಟಿನಲ್ಲಿ ಎರಡು ನಿಮಿಷ ತಡವಾಗಿ ಬಂದವನ ಹಾಜರಿ ಕಡಿಯುವವನು ನಾನು. ನನ್ನ ಹಾಜರಿ ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ.

ಈರಣ್ಣ ತಿರುವಿಗೆ ಬಂದಾಗ ಅರಿವೆ ಕಾಣಲಿಲ್ಲ. ನೇಮದಂತೆ ನೇರ ಹೋದ. ನಾವು ಮುಂದಿದ್ದೇವೆಂದು ಮುಟ್ಟಲು ವೇಗ ಹೆಚ್ಚಿಸಿದ. ಗೋರೆಗಾಂವ್ ಹತ್ತಿರ ಹಾಲಿನವರ ತಬೇಲಾದ ಎಮ್ಮೆಗಳು ರಸ್ತೆ ದಾಟುತ್ತಿದ್ದವು. ಗಾಡಿ ಅವುಗಳಿಗೆ ಬಡಿದಾಗ ಒಂಬತ್ತಕ್ಕೆ ಹತ್ತು ನಿಮಿಷ ಇತ್ತೆಂದು ಅಲ್ಲಿಯ ಪೋಲೀಸ ಆಮೇಲೆ ಹೇಳಿದ.

ಆ ಹೊತ್ತಿಗೆ ನಾನು ಬಯಲಿನಲ್ಲಿ ಹಗ್ಗ ಹಿಡಿದು ಮುಂದಿನ ಸಾಲಿನಲ್ಲಿ ನಿಂತಿದ್ದೆ. ಈರಣ್ಣ ಎಲ್ಲಿ ಎಂದು ಶೇಖರ ಕೇಳಿದ. ತಿರುವಿನಲ್ಲಿ ಕಾದು ಬಂದೆ, ಪ್ಲಗ್ಗು ಒರೆಸುತ್ತಿದ್ದಾನೆ, ಬರುತ್ತಾನೆ ಎಂದೆ. ಹತ್ತು ಗಂಟೆಗೆ ಇನ್ನೊಮ್ಮೆ ಕೇಳಿದ. ಈ ಗರ್ದಿಯಲ್ಲಿ ಬೇರೆ ಕಡೆ ನಿಂತು ನೋಡುತ್ತಿರಬೇಕು ಎಂದೆ. ಹನ್ನೊಂದು ಮೋಟರ್ ಸೈಕಲ್ಲುಗಳು ಓಡಿದವು. ಹುಲ್ಲಿನ ಪೆಂಡಿಗಳನ್ನು ಒಟ್ಟಿದ ಮೂಲೆಯಲ್ಲಿ ಸವಾರನ ಮೊಣಕಾಲು ನೆಲಕ್ಕೆ ತಾಗುವಷ್ಟು ಗಾಡಿ ವಾಲುತ್ತಿತ್ತು. ನಾನು ಕೂಗಿದೆ. ನಾನು ಕೂಗುವುದನ್ನು ನೀನು ಕೇಳಿಲ್ಲ. ಆ ದಿನ ಗಂಟಲು ಕಟ್ಟುವಷ್ಟು ಕೂಗಿದೆ. ಅವನು ನಮಗೆ ಸಿಕ್ಕಿದ್ದು ಮೂರು ಗಂಟೆಗೆ, ಆಸ್ಪತ್ರೆಯಲ್ಲಿ.

ನಾಲ್ಕು ದಿನ, ಅವನು ಹೋಗುವವರೆಗೆ, ನೀನು ಅವನ ಪಕ್ಕದಲ್ಲೇ ಇದ್ದೆ. ಮಂಗಳವಾರ ಮಧ್ಯಾಹ್ನ ನೀನು ಗಂಜಿ ತರಲು ಮನೆಗೆ ಹೋದಾಗ ಅವನಿಗೆ ಎಚ್ಚರವಾಯಿತು. ಮೊದಲು ಕೇಳಿದ್ದು, ಯಾರ ಮೊದಲ ಬಂದ್ರು ಮಾಮಾ ಎಂದು. ಏಳನೆಯ ನಂಬರಿನ ಗಾಡಿ ಎಂದೆ. ಮೂಲ್ಯಾಗ ಹೆಂಗ ವಾಲಿದ್ರು ಎಂದ. ಕೈಯಿಂದ ತೋರಿಸಿದೆ. ಆಮೇಲೆ, ನೀವ ನಿಂತಿದ್ರಲ್ಲಾ ತಿರುವಿನ್ಯಾಗ ಎಂದ. ನಿಂತಿದ್ದೆ ಎಂದೆ. ನಾ ನೋಡಲಿಲ್ಲರಿ, ಗಾಡಿ ಸದ್ದ ಕೇಳಕೋತ ಬಂದೆ, ತಪ್ಪ ನಂದ ಐತಿ, ಅಕ್ಕ ನಿಮಗ ಬೈದರ ನಾ ಹೇಳ್ತೀನಿ ಎಂದ. ನೀನು ಬಂದ ಮೇಲೆ ಹೇಳಿಯೇ ಹೇಳಿದ. ಅವನು ನಿನ್ನ ಹತ್ತಿರ ಆಡಿದ ಕಡೆಯ ಮಾತು ಅದು. ನನ್ನನ್ನು ಬೈಗುಳದಿಂದ ಬಿಡಿಸಲು ಅವನ ಉಸಿರು ಖರ್ಚಾಯಿತು.

ಅವನು ತಪ್ಪು ಮಾಡಲಿಲ್ಲ. ಅವನ ಕಣ್ಣು ಸರಿಯಾಗಿಯೇ ಇತ್ತು. ದಿನಗಳ ಕಾರ್ಯ ಮುಗಿದ ಮೇಲೆ ನೀನು, ಎಲ್ಲಿ ನೋಡಕೋತ ಹೊಂಟಿದ್ದಿಯೋ ಹುಚ್ಚ ಖೋಡಿ ಎಂದು ಅವನ ಅಂಗಿ ಹಿಡಿದು ಬೈದೆ. ಅದನ್ನು ಮನಸ್ಸಿನಿಂದ ತೆಗೆದುಬಿಡು. ಬೈಯುವುದಿದ್ದರೆ ಎಂಟೇ ನಿಮಿಷ ನಿಂತವನಿಗೆ ಬೈ. ಸಾಧ್ಯವಾದರೆ ಶೇಖರನಿಗೆ ಎರಡು ಮಾತು ಬರೆ. ಅದನ್ನು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಇಷ್ಟು ತಿಳಿದ ಮೇಲೂ ನೀನು ಬರುವುದಾದರೆ ರೈಲುಗಾಡಿಯ ಹೊತ್ತು ತಿಳಿಸು. ಬೋರಿಬಂದರ ಸ್ಟೇಶನ್ನಿಗೆ ಒಂದು ತಾಸು ಮೊದಲೇ ಬಂದು ನಿಲ್ಲುತ್ತೇನೆ. ಮಾವನವರಿಗೆ ಶರಣು ಹೇಳು.

ನಿನ್ನ ದಾರಿ ಕಾಯುವ,
ಗದಿಗೆಪ್ಪ

ತಾ.ಕ. ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ. ನೀನು ಕೇಳಿದ ಅರಿವೆ ಇದರೊಳಗಿದೆ. ಅದು ಕಳೆದಿರಲಿಲ್ಲ. ಅಂದಿನಿಂದ ನನ್ನ ಕೋಟಿನ ಒಳಜೇಬಿನಲ್ಲೇ ಇತ್ತು. ಮಡಿಕೆ ನೋಡು. ನೀನು ಹಾಕಿದ ಟಾಕು ಹಾಗೇ ಇದೆ. ನಾನು ಅದನ್ನು ಕಟ್ಟಲಿಲ್ಲ. ಎಂಟು ನಿಮಿಷವೂ ನಿಲ್ಲಲಿಲ್ಲ, ಒಂದು ನಿಮಿಷವೂ ನಿಲ್ಲಲಿಲ್ಲ, ತಿರುವಿನಲ್ಲಿ ಗಾಡಿಯ ವೇಗವನ್ನೂ ಇಳಿಸಲಿಲ್ಲ. ಎಳನೀರಿನವನು, ಪೇಪರಿನ ಮುದುಕ, ಎರಡು ಬಸ್ಸು, ಇವೆಲ್ಲ ಮಾರ್ಚಿನ ಒಂದು ರವಿವಾರ ಕಂಡದ್ದು. ಆ ದಿನ ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಗಡಿಯಾರ ನೋಡಿಕೊಂಡು, ಎಂಟು ನಿಮಿಷ ನಿಂತು ಬಂದೆ. ಈಗ ಬೆಳಿಗ್ಗೆ ದಾರದ ತುದಿಯನ್ನು ಉಗುರಿನಲ್ಲಿ ಹಿಡಿದಿದ್ದೆ. ಎಳೆದು, ಕಟ್ಟಿ ಬಿಚ್ಚಿದಂತೆ ಕಾಣಲು ಸ್ವಲ್ಪ ಹಿಚುಕಿ ಕಳಿಸಿದ್ದರೆ ನೀನು ಬರುತ್ತಿದ್ದೆ. ಎಳೆಯಲಿಲ್ಲ. ಗಾಡಿಯ ಹೊತ್ತು ಬರೆಯಬೇಡ.