ಸೀಸದ ಕಲಾಯಿ

ಚಿರಂಜೀವಿ ತಮ್ಮ ಸೂಗಪ್ಪನಿಗೆ, ಗುಲಬರ್ಗಾದಿಂದ ನಿನ್ನ ಅಕ್ಕ ಮಾಡುವ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ತೊಟ್ಟಿಲಲ್ಲಿದ್ದಾಗಲೇ ನಿನ್ನ ಮಗ ಮಲ್ಲಣ್ಣನಿಗೆಂದು ಮಾತಾಡಿಕೊಂಡಿದ್ದ ನನ್ನ ಜಯದೇವಿ ಈಗ ನಿನಗೆ ಬೇಡವಂತೆ. ಹುಡುಗಿ ಮಂದ, ಕಾಲೆಳೆಯುತ್ತಾಳೆ, ಇಂಥದ್ದು ನಮ್ಮ ವಂಶಕ್ಕೆ ಬರುವುದು ಬೇಡ ಎಂದಿದ್ದೀಯ. ಎಂಥ ಮಾತನ್ನೂ ಎಷ್ಟು ದುಂಡಗೆ ಬರೆಯುತ್ತೀಯಪ್ಪ! ಓದಿ ಅತ್ತೆ. ಆಮೇಲೆ ನಗು ಬಂತು.

ಪೊಲೀಸ್ ಆ್ಯಕ್ಷನ್ ಆದ ವರ್ಷ ನಾನು ಬಾಣಂತನಕ್ಕೆ ಕಮಲಾಪುರಕ್ಕೆ ಬಂದಿದ್ದೆ. ನಿಜಾಮನ ರಜಾಕಾರರು ಓಡುವಾಗ ಬಿಟ್ಟುಹೋದ ಸೀಸದ ಗುಂಡುಗಳ ಚೀಲ ನಿನಗೆ ಸಿಕ್ಕಿತ್ತು. ನಿನ್ನ ಭಾಂಡೆ-ಪಾತ್ರೆ ಅಂಗಡಿಯ ಹಿಂದೆ ಅವನ್ನು ಕರಗಿಸಿ, ಪಾತ್ರೆಯ ಒಳಗೆ ಬಳಿಯುವ ತವರದ ಕಲಾಯಿಗೆ ಬೆರೆಸಿದೆ. "ಅವರ ಗುಂಡು ನಮ್ಮ ಎದಿಗಿ ಬೀಳ್ಲಿಲ್ಲ, ಈಗ ಹೊಟ್ಟಿ ತುಂಬಸ್ತಾವ ನೋಡಕ್ಕ" ಎಂದು ನಕ್ಕೆ. ಕೂಸಿನೊಂದಿಗೆ ಗಂಡನ ಮನೆಗೆ ಹೊರಟಾಗ ಅದೇ ಕಲಾಯಿ ಹಾಕಿದ, ಫಳಫಳ ಹೊಳೆಯುವ ತಾಮ್ರದ ಪಾತ್ರೆ ಕೊಟ್ಟು ಕಳಿಸಿದೆ.

ತವರಿನ ಪಾತ್ರೆಯೆಂದರೆ ಹೆಣ್ಣಿಗೆ ಸೊಕ್ಕು. ಹುಳಿ ಸಾರು, ಮಜ್ಜಿಗೆ ಅಂಬಲಿ, ಮಗಳ ಬಾಯಿಗೆ ಬಿದ್ದದ್ದೆಲ್ಲ ಅದರಲ್ಲೇ ಬೆಂದದ್ದು. ಕಲಾಯಿ ಸವೆದಾಗೆಲ್ಲ ನಿನ್ನ ಹತ್ತಿರವೇ ಕಳಿಸಿದೆ. ಹೊಟ್ಟೆ ಹಿಡಿದುಕೊಂಡು ಮಗು ಒದ್ದಾಡಿದರೆ ಹುಣಸೆಹಣ್ಣು, ಬೆಲ್ಲ ಕುದಿಸಿ ಕುಡಿಸು ಎಂದಳು ಅವ್ವ. ಕುದಿಸಿದ್ದೂ ಅದರಲ್ಲೇ. ನೋವು ಹೆಚ್ಚಿದಷ್ಟೂ ಕುಡಿಸಿದೆ. ಮಗು ಕಲಿತ ಮಾತು ಮರೆತಳು. ಓಡುತ್ತಿದ್ದವಳು ಎಡವತೊಡಗಿದಳು. ಅತ್ತೆ "ಹಡದಾಕಿ ಪಾಪ" ಎಂದರು. ನೀನು "ಕರ್ಮ ಅಕ್ಕ, ಏನ್ ಮಾಡಾಕಾಗ್ತದ" ಎಂದೆ.

ಹೋದ ವಾರ ಇಲ್ಲಿಯ ಡಾಕ್ಟರ್ ಇಮಾಮುದ್ದೀನ್ ಸಾಹೇಬರಿಗೆ ತೋರಿಸಿದೆ. ಅವರು ಮಗಳ ತುಟಿ ಎತ್ತಿ ನೋಡಿದರು. ಹಲ್ಲಿನ ಬುಡದಲ್ಲಿ ವಸಡಿಗೆ ನೀಲಿ ಗೆರೆ. "ಅಡಿಗಿ ಯಾವುದರಾಗ ಮಾಡ್ತೀರಮ್ಮಾ?" ಎಂದು ಕೇಳಿ, ಪಾತ್ರೆ ತರಿಸಿ ಒಳಗಿನ ಕಲಾಯಿಯನ್ನು ಉಗುರಿನಿಂದ ಕೆರೆದು ನೋಡಿದರು. ಆ ಗೆರೆ ಸೀಸ ಮೈಗೇರಿದ ಗುರುತಂತೆ, ಹುಳಿ ಬಿದ್ದರೆ ಕಲಾಯಿಯ ಸೀಸ ಅಡುಗೆಗೆ ಬಿಡುತ್ತದಂತೆ. ಬೆಳೆಯುವ ಮಕ್ಕಳಿಗೇ ಅದು ಹೆಚ್ಚು ಕೇಡಂತೆ. "ಮೆದುಳಿಗಿ ಹೋದದ್ದು ತಿರಗಿ ಬರಂಗಿಲ್ರಿ" ಎಂದರು. ಇದನ್ನು ಹೇಗೆ ಹೇಳಲಿ, ತಮ್ಮ ನೊಂದುಕೊಂಡಾನು ಎಂದು ಮಾತು ಹುಡುಕುತ್ತಿದ್ದೆ. ನಿನ್ನ ಕಾಗದ ಬಂದು ಆ ಚಿಂತೆ ತೀರಿತು.

ನಿನ್ನ ಎರಡನೆಯ ಕೂಸಿಗೆ ಇನ್ನು ಉಣ್ಣಿಸುವ ದಿನ ಬಂತು. ಸುಮ್ಮನಿದ್ದುಬಿಡು, ತಮ್ಮನಿಗೂ ಗೊತ್ತಾಗಲಿ ಎಂದಿತು ಹಾಳು ಮನಸ್ಸು. ಆದರೆ ಆ ಕೂಸು ನನಗೇನು ಮಾಡಿದೆ? ಆ ಕಲಾಯಿಯ ಪಾತ್ರೆಗಳನ್ನೆಲ್ಲ ಇಂದೇ ಅಡುಗೆಮನೆಯಿಂದ ಆಚೆ ಹಾಕು. ಮಾರಿದ ಮನೆಗಳಿಗೂ ಹೋಗಿ ಹೇಳು, ಉಗುಳಿದರೂ ಹೇಳು.

ಆಮೇಲೆ ಮಲ್ಲಣ್ಣನನ್ನು ಬಾಗಿಲ ಬೆಳಕಿಗೆ ಕರೆದು ತುಟಿ ಎತ್ತಿ ನೋಡು. ಅವನೂ ನಿನ್ನ ಕಲಾಯಿಯಲ್ಲೇ ಉಂಡು ಬೆಳೆದವನು. ಗೆರೆ ಇಲ್ಲದಿದ್ದರೆ ನಿನ್ನ ಪುಣ್ಯ, ಒಳ್ಳೆಯ ಕಡೆ ಹೆಣ್ಣು ನೋಡು. ಇದ್ದರೆ ಕಾಗದ ಬರೆ. ಮುರಿದ ಮಾತು ಕೂಡಿಸೋಣ, ಜೋಡಿ ಒಪ್ಪುತ್ತದೆ.

ಕೂಸಿನ ಬುದ್ಧಿ, ಕೈಕಾಲು ನೆಟ್ಟಗಿರಲಿ ಎಂದು ಹರಸುವ,
ನಿನ್ನ ಅಕ್ಕ
ನೀಲಗಂಗಮ್ಮ